ಒಲೆಯಿಲ್ಲದ ಅಡುಗೆಮನೆಯಲ್ಲಿ ಮೂರು ವರ್ಷ

ಹಾಸನ ಜಿಲ್ಲೆಯಿಂದ ಕಲಬುರಗಿಯ ಕಾಲೇಜೊಂದಕ್ಕೆ ವರ್ಗವಾಗಿ ಬಂದಾಗ ನನಗೆ ಬಾಡಿಗೆಗೆ ಸಿಕ್ಕಿದ್ದು ಮೊದಲ ಮಹಡಿಯ ಒಂದು ಕೋಣೆ, ಒಂದು ಬಚ್ಚಲು ಮತ್ತು ಗೋಡೆಗೆ ಒತ್ತಿಕೊಂಡಿದ್ದ ನಾಲ್ಕು ಅಡಿ ಉದ್ದದ ಶಹಾಬಾದಿ ಕಲ್ಲಿನ ಕಟ್ಟೆ. ಕಿಟಕಿ ಒಂದೇ ಇದ್ದುದರಿಂದ ಕೋಣೆಯೊಳಗೆ ಗ್ಯಾಸ್ ಸಿಲಿಂಡರ್ ಇಡುವುದು ಬೇಡವೆಂದು ಮನೆಯ ಮಾಲೀಕರು ಮೊದಲೇ ಹೇಳಿದ್ದರು, ಅವರ ಮಾತು ನನಗೂ ಸರಿಯೆನಿಸಿತು. ಹೊರಗಿನ ಊಟ ಎರಡು ವಾರಕ್ಕೇ ಸಾಕಾಯಿತು. ಹೀಗಾಗಿ ಒಂದು ಇಂಡಕ್ಷನ್ ಒಲೆ, ಒಂದು ಲೀಟರಿನ ರೈಸ್ ಕುಕ್ಕರ್, ಒಂದೂವರೆ ಲೀಟರಿನ ಕೆಟಲ್ ಮತ್ತು ಒಂದು ಸಣ್ಣ ಮಿಕ್ಸಿ, ಇಷ್ಟರಲ್ಲೇ ಪೂರ್ಣ ಅಡುಗೆ ಮಾಡಿಕೊಳ್ಳಲು ಆರಂಭಿಸಿ ಈಗ ಮೂರು ವರ್ಷವಾಗಿದೆ. ಇದೇ ಸ್ಥಿತಿಯಲ್ಲಿ ಬಾಡಿಗೆ ಮನೆ ಹಿಡಿಯುವವರಿಗೆ ಉಪಯೋಗವಾದೀತೆಂದು ನಾನು ಕಲಿತದ್ದನ್ನು ಬರೆಯುತ್ತಿದ್ದೇನೆ.

ಪಾತ್ರೆಗಿಂತ ಮೊದಲು ನೋಡಬೇಕಾದದ್ದು ಪ್ಲಗ್ ಪಾಯಿಂಟನ್ನು. ನಾನು ಪಾಠ ಹೇಳುವುದು ಭೌತಶಾಸ್ತ್ರವನ್ನೇ ಆದರೂ ಇದನ್ನು ನಷ್ಟ ಅನುಭವಿಸಿದ ಮೇಲೆಯೇ ಗಮನಕ್ಕೆ ತೆಗೆದುಕೊಂಡೆ. ಕಟ್ಟೆಯ ಮೇಲಿದ್ದುದು ದೀಪ, ಫ್ಯಾನು, ಮೊಬೈಲ್ ಚಾರ್ಜರ್‌ಗಳಿಗೆ ಹಾಕಿದ 6 ಆಂಪಿಯರ್‌ನ ಪಾಯಿಂಟ್. 230 ವೋಲ್ಟ್‌ನಲ್ಲಿ ಅದು ತಡೆಯುವುದು ಸುಮಾರು 1,380 ವ್ಯಾಟ್ ಮಾತ್ರ. 2,000 ವ್ಯಾಟ್‌ನ ಇಂಡಕ್ಷನ್ ಒಲೆ ಪೂರ್ಣ ಬಿಸಿಗೆ ಇಟ್ಟಾಗ ಹತ್ತಿರ ಹತ್ತಿರ 9 ಆಂಪಿಯರ್ ಎಳೆಯುತ್ತದೆ. 1,500 ವ್ಯಾಟ್‌ನ ಕೆಟಲ್ ಕೂಡ ಆರನ್ನು ದಾಟುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿ ಬೆಳಗಿನ ಅವಸರದಲ್ಲಿದ್ದಾಗ ಮೊದಲು ಮೀನಿನ ವಾಸನೆಯಂಥದ್ದು ಬಂತು, ನೋಡಿದರೆ ಬೋರ್ಡಿನ ಒಂದು ಮೂಲೆ ಕಂದಾಗಿ ಮೆತ್ತಗಾಗಿತ್ತು. ಅಂದೇ ಸಂಜೆ ಎಲೆಕ್ಟ್ರೀಷಿಯನ್‌ನನ್ನು ಕರೆಸಿ, ಮೀಟರ್ ಬೋರ್ಡಿನಿಂದ ಕಟ್ಟೆಯವರೆಗೆ 2.5 ಚದರ ಮಿಲಿಮೀಟರ್‌ನ ತಾಮ್ರದ ತಂತಿಯನ್ನು ಬೇರೆಯಾಗಿಯೇ ಎಳೆಸಿ, 16 ಆಂಪಿಯರ್‌ನ ಪವರ್ ಪಾಯಿಂಟನ್ನೂ ಅದಕ್ಕೊಂದು ಎಂ.ಸಿ.ಬಿ.ಯನ್ನೂ (ವಿದ್ಯುತ್ ಮಿತಿಮೀರಿ ಹರಿದರೆ ತಾನಾಗಿ ಆರಿಹೋಗುವ ಸ್ವಿಚ್ಚು) ಹಾಕಿಸಿದೆ. ಖರ್ಚಿನಲ್ಲಿ ಅರ್ಧವನ್ನು ಮಾಲೀಕರು ಬಾಡಿಗೆಯಲ್ಲಿ ಮುರಿದುಕೊಂಡರು. ಅಂದಿನಿಂದ ಇಂಡಕ್ಷನ್ ಒಲೆಯನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿಲ್ಲ, ಒಲೆ ಮತ್ತು ಕೆಟಲನ್ನು ಒಟ್ಟಿಗೆ ಹಚ್ಚಿಲ್ಲ.

ಮುಂದಿನ ಪ್ರಶ್ನೆ ಪಾತ್ರೆಗಳದ್ದು. ಅಮ್ಮ ಪ್ರೀತಿಯಿಂದ ಕಟ್ಟಿಕೊಟ್ಟಿದ್ದ ಹಿಂಡಾಲಿಯಂ ಪಾತ್ರೆಗಳಾಗಲಿ, ಹಳೆಯ ಅಲ್ಯೂಮಿನಿಯಂ ಪ್ರೆಷರ್ ಕುಕ್ಕರ್ ಆಗಲಿ ಇಂಡಕ್ಷನ್ ಮೇಲೆ ಬಿಸಿಯಾಗಲೇ ಇಲ್ಲ. ಗಾಜಿನ ಹಲಗೆಯ ಕೆಳಗಿರುವ ತಾಮ್ರದ ಸುರುಳಿ ಕ್ಷಣಕ್ಷಣಕ್ಕೂ ಬದಲಾಗುವ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ, ಅದರಿಂದ ಪಾತ್ರೆಯ ತಳದಲ್ಲೇ ವಿದ್ಯುತ್ ಹರಿದು ತಳವೇ ಕಾಯುತ್ತದೆ. ಇದಕ್ಕೆ ಅಯಸ್ಕಾಂತ ಕಚ್ಚುವ ಲೋಹ ಬೇಕು. ಒಳ್ಳೆಯ ಸ್ಟೀಲೆಂದು ಹೆಸರಾದ 304 ದರ್ಜೆಯ ಪಾತ್ರೆಗೂ ಅಯಸ್ಕಾಂತ ಕಚ್ಚುವುದಿಲ್ಲವಾದ್ದರಿಂದ ಬೆಲೆ ನೋಡಿ ಕೊಂಡರೆ ಮೋಸಹೋಗುವ ಸಂಭವವುಂಟು. ನಾನು ಪ್ರಯೋಗಾಲಯದ ಒಂದು ಚಿಕ್ಕ ಅಯಸ್ಕಾಂತವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಸೂಪರ್ ಮಾರ್ಕೆಟ್‌ನ ಪಾತ್ರೆ ಅಂಗಡಿಗೆ ಹೋಗಿ, ಒಂದೊಂದರ ತಳಕ್ಕೂ ಮುಟ್ಟಿಸಿ ನೋಡಿ, ಮೂರು ಲೀಟರಿನ ಸ್ಟೀಲ್ ಕುಕ್ಕರ್, ಎರಡು ತಪ್ಪಲೆ ಮತ್ತು ಬೀಡು ಕಬ್ಬಿಣದ ಒಂದು ಹೆಂಚನ್ನು ಆರಿಸಿಕೊಂಡೆ. ತಳ ಸಮತಟ್ಟಾಗಿರಬೇಕೆಂಬುದನ್ನೂ ಅಲ್ಲೇ ಕಲ್ಲಿನ ಮೇಲೆ ಇಟ್ಟು ಅಲುಗಾಡಿಸಿ ಖಚಿತಪಡಿಸಿಕೊಂಡೆ.

ಒಗ್ಗರಣೆಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಅಡುಗೆ ಈ ಒಲೆಯ ಮೇಲೆ ಮುಗ್ಗರಿಸುವುದು ಅಲ್ಲಿಯೇ. ಒಗ್ಗರಣೆ ಸೌಟಿನ ತಳ ಬಹಳ ಕಿರಿದು. ಸುಮಾರು 12 ಸೆಂಟಿಮೀಟರ್‌ಗಿಂತ ಕಡಿಮೆ ಅಗಲದ ತಳವನ್ನು ನನ್ನ ಒಲೆ ಪಾತ್ರೆಯೆಂದೇ ಗುರುತಿಸದೆ ಕೂಗಿಕೊಂಡು ಆರಿಹೋಗುತ್ತದೆ. ಅದಕ್ಕಾಗಿ ನಾನು ಅಡುಗೆಯ ಕ್ರಮವನ್ನೇ ತಿರುಗಿಸಿದೆ. ತಪ್ಪಲೆಯಲ್ಲಿ ಮೊದಲು ಒಗ್ಗರಣೆ ಮಾಡಿ, ಅದರ ಮೇಲೆ ಬೆಂದ ಬೇಳೆಯನ್ನೂ ಹುಣಸೆ ರಸವನ್ನೂ ಸುರಿದು ಸಾರು ಕುದಿಸುತ್ತೇನೆ. ಸಾರಿಗೆ ಕೊನೆಯಲ್ಲೇ ಒಗ್ಗರಣೆ ಬೀಳಬೇಕೆನಿಸಿದ ದಿನ, ಕಾದ ಹೆಂಚಿನ ಮೇಲೆ ಸೌಟನ್ನಿಟ್ಟು ಎಣ್ಣೆ ಕಾಯಿಸುತ್ತೇನೆ; ನಾಲ್ಕೈದು ನಿಮಿಷ ಹೆಚ್ಚು ಹಿಡಿಯುತ್ತದೆ. ಬಿಸಿಯನ್ನು 600 ವ್ಯಾಟ್‌ನ ಆಸುಪಾಸಿನಲ್ಲೇ ಇಡಬೇಕು. ಗ್ಯಾಸಿನ ಅಭ್ಯಾಸದಲ್ಲಿ 1,200ಕ್ಕೆ ಇಟ್ಟರೆ ತೆಳುವಾದ ತಳ ಒಮ್ಮೆಲೇ ಕಾದು, ಸಾಸಿವೆ ಚಟಗುಟ್ಟಿ ಮುಗಿಯುವ ಮೊದಲೇ ಕಪ್ಪಾಗಿ, ಇಂಗು ಕರಿಬೇವಿಗೆ ಸಮಯವೇ ಉಳಿಯುವುದಿಲ್ಲ.

ತೊಗರಿಬೇಳೆಯ ಮಟ್ಟಿಗೆ ನಾನು ಬಂದು ಸೇರಿದ್ದು ಅದರ ತವರಿಗೆ. ಇಲ್ಲಿನ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ, ಬೇಳೆಯೂ ಸೊಗಸಾಗಿ ಬೇಯುತ್ತದೆ. ಅರ್ಧ ಗಂಟೆ ನೆನೆಸಿಟ್ಟು, ಕುಕ್ಕರಿನಲ್ಲಿ 1,000 ವ್ಯಾಟ್‌ಗೆ ಇಟ್ಟು, ಎರಡು ಸೀಟಿಯಾದ ಕೂಡಲೇ ಒಲೆ ಆರಿಸಿ, ಕುಕ್ಕರನ್ನು ದಪ್ಪ ಟವೆಲಿನಲ್ಲಿ ಸುತ್ತಿ ಪಕ್ಕಕ್ಕಿಟ್ಟುಬಿಡುತ್ತೇನೆ. ಒತ್ತಡದಲ್ಲಿ ಒಳಗಿನ ಬಿಸಿ 120 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿರುವುದರಿಂದ ಅದು ಇಳಿಯುವಷ್ಟರಲ್ಲಿ ಬೇಳೆ ತಾನಾಗಿ ಬೆಂದಿರುತ್ತದೆ. ಆ ಹೊತ್ತಿಗೆ ಒಲೆ ಪಲ್ಯಕ್ಕೆ ಖಾಲಿಯಾಗುತ್ತದೆ. ಒಂದೇ ಒಲೆಯಿರುವಾಗ ಇಂಥ ಹೊಂದಾಣಿಕೆಯೇ ಅಡುಗೆಯ ಅರ್ಧ ಕೆಲಸ.

ಅನ್ನ ಮಾತ್ರ ರೈಸ್ ಕುಕ್ಕರಿನದ್ದು. ಅಕ್ಕಿ ನೀರನ್ನೆಲ್ಲ ಕುಡಿಯುವವರೆಗೆ ತಳದ ಬಿಸಿ 100 ಡಿಗ್ರಿ ದಾಟುವುದಿಲ್ಲ. ನೀರು ಮುಗಿದೊಡನೆ ಬಿಸಿ ಏರಿ, ಕೆಳಗಿರುವ ವಿಶೇಷ ಲೋಹದ ಬಿಲ್ಲೆ ತನ್ನ ಕಾಂತಗುಣವನ್ನು ಕಳೆದುಕೊಂಡು ಗುಂಡಿ ಟಕ್ಕೆಂದು ಮೇಲೇಳುತ್ತದೆ. ಈ ಒಳಗುಟ್ಟು ತಿಳಿದಿದ್ದರೆ ಅದರಲ್ಲಿ ಏನು ಮಾಡಬಾರದೆಂಬುದೂ ತಿಳಿಯುತ್ತದೆ. ನೀರಾದ ಹುಳಿಯನ್ನಿಟ್ಟರೆ ಬತ್ತುವವರೆಗೂ ಅದು ಆರುವುದಿಲ್ಲ. ಬಿಸಿಬೇಳೆಬಾತ್ ಇಟ್ಟರೆ ತಳದಲ್ಲಿ ಗಟ್ಟಿ ಕೂತು, ಮೇಲಿನ ಬೇಳೆ ಬೇಯುವ ಮೊದಲೇ ಗುಂಡಿ ಮೇಲೇಳುತ್ತದೆ. ನಾನು ಬೇಳೆಯನ್ನು ಬೇರೆಯಾಗಿ ಬೇಯಿಸಿ ಕೊನೆಗೆ ಬೆರೆಸುತ್ತೇನೆ.

ಊರಿನಿಂದ ತಂದ ರಾಗಿಹಿಟ್ಟಿನಲ್ಲಿ ಮುದ್ದೆ ಮಾಡಲು ಹೊರಟ ಮೊದಲ ದಿನ, ಎಸರು ಕುದಿದು ಹಿಟ್ಟು ಬೆಂದಿತ್ತು, ಕೋಲು ಹಾಕಿ ತಿರುವಿದೊಡನೆ ತಪ್ಪಲೆ ಗಾಜಿನ ಮೇಲೆ ಜಾರಿ ಕಟ್ಟೆಯ ಅಂಚಿಗೆ ಬಂತು. ಫೋನಿನಲ್ಲಿ ಹೇಳಿದಾಗ ಅಮ್ಮ, "ಮುದ್ದೆ ತಿರುವೋದು ನೆಲದ ಮೇಲೆ ಕಣೇ, ಗಾಜಿನ ಮೇಲಲ್ಲ" ಎಂದರು. ಈಗ ಎಸರಿಗೆ ಹಿಟ್ಟು ಸುರಿದು, ನಡುವೆ ಕೋಲಿನಿಂದ ತೂತು ಮಾಡಿ, 400 ವ್ಯಾಟ್‌ನಲ್ಲಿ ಐದಾರು ನಿಮಿಷ ಬೇಯಲು ಬಿಡುತ್ತೇನೆ. ಬಳಿಕ ತಪ್ಪಲೆಯನ್ನು ಇಳಿಸಿ, ಒದ್ದೆ ಬಟ್ಟೆಯ ಸಿಂಬೆಯ ಮೇಲೆ ಕೂರಿಸಿ, ಇಕ್ಕಳದಿಂದ ಬಿಗಿಹಿಡಿದು ಗಂಟಿಲ್ಲದಂತೆ ತಿರುವುತ್ತೇನೆ. ಕಡಿಮೆ ವ್ಯಾಟ್‌ನಲ್ಲಿ ಈ ಒಲೆ ಒಂದೇ ಸಮನೆ ಉರಿಯದೆ ಕೆಲವು ಸೆಕೆಂಡು ಹೊತ್ತಿ, ಕೆಲವು ಸೆಕೆಂಡು ಸುಮ್ಮನಿರುತ್ತದೆ. ಹಿಟ್ಟು ತಳ ಹಿಡಿಯದಿರಲು ದಪ್ಪ ತಳದ ಪಾತ್ರೆಯೇ ಆಗಬೇಕು.

ಜೋಳದ ರೊಟ್ಟಿಯನ್ನು ಕಲಿಸಿದವರು ಕೆಳಮನೆಯ ಅಕ್ಕ. "ಬೆಂಕಿನ ಇಲ್ಲಂದ್ರ ರೊಟ್ಟಿ ಹೆಂಗ ಉಬ್ತದ್ರೀ ಮೇಡಂ?" ಎಂದು ಕೇಳಿದರೂ ಮೇಲೆ ಬಂದು ಕೂತು ತೋರಿಸಿಕೊಟ್ಟರು. ಸುರುಳಿಯ ಅಗಲ ಹೆಂಚಿನ ಅಗಲಕ್ಕಿಂತ ಕಡಿಮೆಯಾದ್ದರಿಂದ ಅವರು ಬಡಿದ ದೊಡ್ಡ ರೊಟ್ಟಿಯ ನಡುಭಾಗ ಬೆಂದು ಅಂಚು ಹಸಿಯಾಗಿಯೇ ಉಳಿಯಿತು. ನಾವಿಬ್ಬರೂ ಸೇರಿ ಕಂಡುಕೊಂಡ ದಾರಿಯೆಂದರೆ ರೊಟ್ಟಿಯನ್ನು ಅಂಗೈಗಿಂತ ತುಸು ದೊಡ್ಡದಾಗಿ ಮಾತ್ರ ಬಡಿಯುವುದು, ಬೀಡು ಹೆಂಚನ್ನು ಹತ್ತು ನಿಮಿಷ ಸಣ್ಣ ಬಿಸಿಯಲ್ಲಿ ಕಾಯಲು ಬಿಡುವುದು, ಮೇಲೆ ನೀರು ಸವರಿ ತಿರುವಿ ಹಾಕಿದ ಮೇಲೆ ಮಡಚಿದ ಬಟ್ಟೆಯಿಂದ ಅಂಚನ್ನು ಒತ್ತುತ್ತ ಬರುವುದು. ಆಗ ಒಳಗಿನ ಹಬೆಗೇ ಅದು ಉಬ್ಬುತ್ತದೆ. ಹಿಟ್ಟಿಗೆ ಬೇಕಾದ ಕುದಿನೀರನ್ನು ಕೆಟಲ್ ಕೊಡುತ್ತದೆ. ಕೆಟಲಿನಲ್ಲಿ ಹಾಲನ್ನು ಮಾತ್ರ ಕಾಯಿಸಬಾರದು, ಉಕ್ಕುತ್ತದೆ, ತಳವೂ ಸೀಯುತ್ತದೆ.

ಖರ್ಚನ್ನು ತಿಳಿಯಲೆಂದು ಒಂದು ತಿಂಗಳು ಅಡುಗೆಗೆ ಮೊದಲು ಮತ್ತು ನಂತರ ಮೀಟರ್ ನೋಡಿ ಬರೆದಿಟ್ಟೆ. ಒಬ್ಬಳ ಎರಡು ಹೊತ್ತಿನ ಅಡುಗೆ, ಕಾಫಿ, ಕುಡಿಯುವ ಬಿಸಿನೀರು ಸೇರಿ ದಿನಕ್ಕೆ ಒಂದು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು, ತಿಂಗಳಿಗೆ 34 ಯೂನಿಟ್ ಆಯಿತು. ಗೃಹಜ್ಯೋತಿ ಯೋಜನೆಯಲ್ಲಿ ಉಚಿತವಾಗಿ ದೊರೆಯುವುದು ಹಿಂದಿನ ಬಳಕೆಯ ಸರಾಸರಿ ಮತ್ತು ಅದರ ಮೇಲೆ ಶೇಕಡ 10 (ಸರಾಸರಿ 48 ಯೂನಿಟ್‌ಗಿಂತ ಕಡಿಮೆಯಿದ್ದರೆ 10 ಯೂನಿಟ್) ಮಾತ್ರ, ಅದೂ 200 ಯೂನಿಟ್‌ನ ಒಳಗೆ. ಗ್ಯಾಸಿನಲ್ಲಿ ಅಡುಗೆ ಮಾಡುತ್ತಿದ್ದವರು ಬಿಟ್ಟ ಮನೆಗೆ ಹೋದರೆ ಆ ಸರಾಸರಿ ಕಡಿಮೆಯಿದ್ದು, ಹೆಚ್ಚುವರಿ ಬಳಕೆಗೆ ನೀವೇ ಹಣ ಕಟ್ಟಬೇಕಾಗಬಹುದು. ಇದನ್ನು ಲೆಕ್ಕಕ್ಕೆ ಹಿಡಿದೇ ನಿರ್ಧರಿಸಬೇಕು.

ಕಲಬುರಗಿಯ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿರುವಾಗ ಉರಿಯಿಲ್ಲದ ಒಲೆ ದೊಡ್ಡ ಉಪಕಾರ. ಆದರೆ ಅದೇ ತಿಂಗಳುಗಳಲ್ಲಿ ಕರೆಂಟೂ ಹೋಗುತ್ತದೆ, ಮನೆಯ ಸಣ್ಣ ಇನ್ವರ್ಟರ್ ಈ ಒಲೆಯನ್ನು ಹೊರುವುದಿಲ್ಲ. ಅದಕ್ಕಾಗಿ ಬೇಸಿಗೆಯಲ್ಲಿ ಬೆಳಗ್ಗೆ ಆರಕ್ಕೇ ಅನ್ನ, ಬೇಳೆ ಮುಗಿಸಿಡುತ್ತೇನೆ, ಡಬ್ಬಿಯಲ್ಲಿ ಅವಲಕ್ಕಿ ಸದಾ ಇರುತ್ತದೆ. ಅಡುಗೆ ಮುಗಿದ ಮೇಲೆ ಒಳಗಿನ ಫ್ಯಾನು ನಿಲ್ಲುವವರೆಗೆ ಗೋಡೆಯ ಸ್ವಿಚ್ಚನ್ನು ಆರಿಸುವುದಿಲ್ಲ, ವಾರಕ್ಕೊಮ್ಮೆ ಗಾಳಿಕಂಡಿಗಳನ್ನು ಒಣ ಬ್ರಷ್ಷಿನಿಂದ ಉಜ್ಜಿ ಜಿರಲೆ ಸೇರದಂತೆ ನೋಡಿಕೊಳ್ಳುತ್ತೇನೆ.

ಇಷ್ಟಾದರೂ ಸುಟ್ಟ ಬದನೆಕಾಯಿಯ ಗೊಜ್ಜು ಈ ಕಟ್ಟೆಯ ಮೇಲೆ ಆಗಲಿಲ್ಲ. ಹೆಂಚಿನ ಮೇಲೆ ಸಿಪ್ಪೆ ಕಪ್ಪಾಗುವವರೆಗೆ ಹೊರಳಿಸಿದರೂ ಕೆಂಡದ ಹೊಗೆಯ ಆ ವಾಸನೆ ಬರುವುದಿಲ್ಲ. ಗೊಜ್ಜು ತಿನ್ನಬೇಕೆನಿಸಿದ ದಿನ ಬದನೆಕಾಯಿಗೆ ಎಣ್ಣೆ ಸವರಿ ಕೆಳಮನೆಗೆ ಒಯ್ಯುತ್ತೇನೆ. ಅಕ್ಕ ತಮ್ಮ ರೊಟ್ಟಿಯ ಒಲೆಯ ಕೆಂಡದಲ್ಲಿ ಅದನ್ನು ಹೂತಿಟ್ಟು, ಬೆಂದ ಮೇಲೆ ಮೇಲಕ್ಕೆ ಕಳಿಸುತ್ತಾರೆ.