ಚೀಲ ಕೈಯಿಂದ ಕೈಗೆ: ನಮ್ಮ ಸಭೆಯಲ್ಲಿ ಸೇವೆಗೆ ಜನ ಸಿಕ್ಕಿದ್ದು ಹೀಗೆ

ಸೇವೆಗೆ, ಅಂದರೆ ಚರ್ಚಿನ ಕೆಲಸಗಳಿಗೆ, ಜನ ಬರುವುದಿಲ್ಲ ಅನ್ನುವ ಗೋಳು ಇಲ್ಲದ ಕ್ರೈಸ್ತ ಸಭೆಯನ್ನು ನಾನು ನೋಡಿಲ್ಲ. ಮಂಗಳೂರಿನಲ್ಲೂ ಇತ್ತು, ಇಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರದ ನಮ್ಮ ಸಣ್ಣ ಊರಿನಲ್ಲೂ ಇತ್ತು. ಈಗ ನಮ್ಮಲ್ಲಿ ಆ ಗೋಳು ಅರ್ಧಕ್ಕಿಂತ ಜಾಸ್ತಿ ಕಡಿಮೆಯಾಗಿದೆ. ಕಾರಣ ಒಂದು ಬಟ್ಟೆ ಚೀಲ, ಆರಾಧನೆ ಮುಗಿದ ಮೇಲಿನ ಕಾಫಿಯ ಸರದಿಗೆ ಕೈಯಿಂದ ಕೈಗೆ ಹೋಗುವಂಥದ್ದು. "ಒಂದೂವರೆ ತಿಂಗಳು ನಡೆದರೆ ಹೆಚ್ಚು" ಅಂದಿದ್ದ ಹಿರಿಯರೊಬ್ಬರು ಮೊನ್ನೆ ಪಕ್ಕದ ಊರಿನ ಸಭೆಯವರನ್ನು ಕರೆದುಕೊಂಡು ಬಂದು, "ಇವರಿಗೂ ಸ್ವಲ್ಪ ಹೇಳಿಕೊಡಿ" ಅಂದರು. ಹಾಗಾಗಿ ಬರೆಯುತ್ತಿದ್ದೇನೆ. ಹೆಸರಿನ ಪಟ್ಟಿ ಹಿಡಿದು ಭಾನುವಾರ ಬೆಳಿಗ್ಗೆ ಫೋನ್ ಮಾಡುವ ಕಷ್ಟ ಗೊತ್ತಿರುವವರಿಗೆ ಇದು.

ನಮ್ಮದು ವ್ಯುರ್ಟೆಂಬರ್ಗ್ ಪ್ರಾಂತ್ಯದ ಪ್ರೊಟೆಸ್ಟಂಟ್ ಸಭೆ. 1534ರಲ್ಲಿ ಡ್ಯೂಕ್ ಉಲ್ರಿಶ್ ಕಾಲದಲ್ಲಿ ಈ ನಾಡು ಪ್ರೊಟೆಸ್ಟಂಟ್ ಸುಧಾರಣೆಯ ದಾರಿ ಹಿಡಿಯಿತು. ಮಂಗಳೂರಿನಲ್ಲಿ ನಮ್ಮ ಸಭೆಗಳನ್ನು ಕಟ್ಟಿದ ಬಾಸೆಲ್ ಮಿಶನ್ ಹಿರಿಯರಲ್ಲಿ ಬಹಳ ಮಂದಿ ಇಲ್ಲಿಂದಲೇ ಬಂದವರು. ಮೊದಲ ಕನ್ನಡ ಪತ್ರಿಕೆ ತಂದ ಮೋಗ್ಲಿಂಗ್ ಹುಟ್ಟಿದ ಬ್ರಾಕೆನ್‌ಹೈಮ್ ನಮ್ಮಿಂದ ಹೆಚ್ಚು ದೂರ ಇಲ್ಲ. ಕನ್ನಡ ನಿಘಂಟಿನ ಕಿಟೆಲ್ ಉತ್ತರ ಜರ್ಮನಿಯವರಾದರೂ 1903ರಲ್ಲಿ ತೀರಿಕೊಂಡದ್ದು ಇಲ್ಲಿಯ ಟ್ಯೂಬಿಂಗನ್ನಿನಲ್ಲಿ. ಮಂಗಳೂರಿನ ಸಿಎಸ್ಐ (ದಕ್ಷಿಣ ಭಾರತ ಸಭೆ) ಸಭೆಯಲ್ಲಿ ಬೆಳೆದ ನಾನು ಇಲ್ಲಿ ಹೊರಗಿನವಳು ಅಂತ ಯಾರೂ ಅನ್ನಲಿಲ್ಲ. ಅಂದಿದ್ದರೆ ಉತ್ತರ ರೆಡಿ ಇತ್ತು.

ಇಲ್ಲಿ ಸೇವೆಗೆ ದಾರಿ ಕಡಿಮೆ ಇಲ್ಲ. ಆರಾಧನೆಯಲ್ಲಿ ಬೈಬಲ್ ಓದುವುದು, ಕಾಣಿಕೆ ಎಣಿಸುವುದು, ಸಭಾಪತ್ರಿಕೆಯನ್ನು ಮನೆಮನೆಗೆ ಹಾಕುವುದು, ಹುಟ್ಟುಹಬ್ಬಕ್ಕೆ ವಯಸ್ಸಾದವರ ಮನೆಗೆ ಹೋಗಿ ಬರುವುದು. ಮೂರನೇ ಕ್ಲಾಸಿನ ಮಕ್ಕಳಿಗೆ ಕೋನ್ಫಿ 3 ಅಂತ ದೃಢೀಕರಣದ ಸಿದ್ಧತೆಯ ಗುಂಪುಗಳಿವೆ. ಅದನ್ನು ಅಪ್ಪ ಅಮ್ಮಂದಿರೇ ನಡೆಸುತ್ತಾರೆ. ಹಿತ್ತಾಳೆ ವಾದ್ಯದ ತಂಡ ಇದೆ. ಊದಲು ಬಾರದವರಿಗೂ ಕಲಿಸುತ್ತಾರೆ. ಹೀಗೆ ಕೆಲಸ ಬೇಕಾದಷ್ಟಿತ್ತು, ಮಾಡುವವರ ಹೆಸರು ಮಾತ್ರ ಅವೇ ಹನ್ನೆರಡು ಹದಿನೈದು. ಆರಾಧನೆ ಮುಗಿದ ಮೇಲಿನ ಕಾಫಿಯನ್ನಂತೂ ಇಬ್ಬರು ಅಜ್ಜಿಯಂದಿರು ಹತ್ತಿರ ಹತ್ತಿರ ಇಪ್ಪತ್ತು ವರ್ಷ ನಡೆಸಿದ್ದರು. ಕೊರೋನಾ ಬಂದು ನಿಂತಿತು. ಆಮೇಲೆ ಅವರ ಮಂಡಿ ಏಳಲಿಲ್ಲ, ಕಾಫಿಯೂ ಏಳಲಿಲ್ಲ. ಇದರ ಮೇಲೆ ಪಾದ್ರಿಗಳ ಹುದ್ದೆ ಕಡಿಮೆ ಮಾಡುವ 2030ರ ಯೋಜನೆ ಬೇರೆ. ಪಾದ್ರಿ ಮಾಡುತ್ತಿದ್ದ ಎಷ್ಟೋ ಕೆಲಸ ಇನ್ನು ನಮ್ಮ ತಲೆಗೇ ಬರುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು.

ಮೊದಲು ಮಾಡಿ ನೋಡಿದ್ದನ್ನೆಲ್ಲ ಹೇಳಿಬಿಡುತ್ತೇನೆ, ನಿಮಗೆ ದುಡ್ಡು ಉಳಿಯಲಿ. ವೇದಿಕೆಯಿಂದ ಪ್ರಕಟಣೆ ಕೊಟ್ಟದ್ದಕ್ಕೆ ಲೆಕ್ಕವೇ ಇಲ್ಲ. ಪ್ರತಿಯೊಬ್ಬರೂ ಅದು ಪಕ್ಕದ ಬೆಂಚಿನವರಿಗೆ ಹೇಳಿದ್ದು ಅಂದುಕೊಳ್ಳುತ್ತಾರೆ. ಆಮೇಲೆ ಬಣ್ಣದ ಫ್ಲೈಯರ್. ಸುಮಾರು 2,000 ಪ್ರತಿಗೆ 300 ಯೂರೋ ಹತ್ತಿರ ಹೋಯಿತು. ಬಂದ ಫೋನ್ ಎರಡು. ಒಂದು ರಾಂಗ್ ನಂಬರ್. ಮತ್ತೆ "ನಿಮ್ಮ ವರಗಳೇನು?" ಅಂತ ಎರಡು ಪುಟದ ಫಾರ್ಮ್. ಐವತ್ತಕ್ಕೂ ಹೆಚ್ಚು ಜನ ತುಂಬಿ ಕೊಟ್ಟರು. ಹಾಡು, ಅಡುಗೆ, ಫೋಟೋ, ತೋಟಗಾರಿಕೆ, ಎಲ್ಲ ಬಂತು. ಅದನ್ನು ಹಿಡಿದು ಯಾರು ಯಾರಿಗೆ ಫೋನ್ ಮಾಡಬೇಕು ಅನ್ನುವುದೇ ತೀರ್ಮಾನವಾಗಲಿಲ್ಲ. ಫೈಲ್ ಈಗಲೂ ಕಪಾಟಿನಲ್ಲಿದೆ. ಕೊನೆಗೆ ಒಂದು ಆಪ್, ತಿಂಗಳಿಗೆ 20 ಯೂರೋ ಚಿಲ್ಲರೆ. ಎಪ್ಪತ್ತು ದಾಟಿದವರು ಪಾಸ್‌ವರ್ಡ್ ಮರೆತರು, ಮೂವತ್ತರವರು ನೋಟಿಫಿಕೇಶನ್ ಬಂದ್ ಮಾಡಿದರು. ಒಂದು ವರ್ಷದ ದುಡ್ಡು ನೀರಿಗೆ.

ಇನ್ನೊಂದು ತಕರಾರನ್ನೂ ಎದುರಿಸಬೇಕಿತ್ತು. ಇಲ್ಲಿ ಸದಸ್ಯರ ಸಂಬಳದಿಂದಲೇ ಸಭೆಯ ತೆರಿಗೆ ಹೋಗುತ್ತದೆ, ಆದಾಯ ತೆರಿಗೆಯ ನೂರಕ್ಕೆ 8. "ತೆರಿಗೆ ಕೊಡುತ್ತೇನಲ್ಲ, ಪಾತ್ರೆಯನ್ನೂ ನಾನೇ ತೊಳೆಯಬೇಕಾ?" ಅಂತ ಒಬ್ಬರು ನೇರವಾಗಿಯೇ ಕೇಳಿದರು. ಮಂಗಳೂರಿನ ಸಭೆಗಳಲ್ಲಿ ಈ ಪ್ರಶ್ನೆ ಬರುವುದಿಲ್ಲ. ಅಲ್ಲಿ ಕಾಣಿಕೆಯೂ ನಮ್ಮದೇ, ಪಾತ್ರೆಯೂ ನಮ್ಮದೇ. ಅವರಿಗೆ ನಾನು ಉತ್ತರ ಕೊಡಲಿಲ್ಲ. ಈಗ ಅವರೇ ಡಿಶ್‌ವಾಷರ್ ತುಂಬುತ್ತಾರೆ.

ಚೀಲದ ಉಪಾಯ ಹುಟ್ಟಿದ್ದು ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲಿನಲ್ಲಿ. ಇಲ್ಲಿಯವರಿಗೆ ಕೇರ್‌ವೋಖೆ ಅಂತ ಒಂದು ಪದ್ಧತಿ ಇದೆ. ವಾರಕ್ಕೊಂದು ಮನೆಯವರು ಮೆಟ್ಟಿಲು ಗುಡಿಸಿ ಒರೆಸಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಸಣ್ಣ ಹಲಗೆ ನೇತುಬಿದ್ದಿರುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಮುಂದಿನವರ ಬಾಗಿಲಿಗೆ ತಗುಲಿಸಬೇಕು. ಎಲ್ಲರೂ ಗೊಣಗುತ್ತಾರೆ, ಎಲ್ಲರೂ ಮಾಡುತ್ತಾರೆ. ಪಟ್ಟಿ ಬರೆಯುವವರಿಲ್ಲ, ಫೋನ್ ಮಾಡುವವರಿಲ್ಲ. ಇದನ್ನು ಕಾಫಿಗೆ ಯಾಕೆ ತರಬಾರದು ಅಂದೆ. ಹಿರಿಯರ ಮಂಡಳಿಯಲ್ಲಿ ನಕ್ಕರು. "ಕೇರ್‌ವೋಖೆ ತಪ್ಪಿಸಿಕೊಳ್ಳಲು ಮನೆ ಬದಲಿಸಿದವರಿದ್ದಾರೆ, ಅದನ್ನು ಚರ್ಚಿಗೆ ತರುತ್ತೀರಾ?" ಅಂದರು. ಆದರೂ ವರ್ಷಕ್ಕೆ 400 ಯೂರೋ ಕೊಟ್ಟರು. ಹೇಗೂ ನಿಲ್ಲುತ್ತದೆ ಅಂತ ಕೊಟ್ಟರೋ ಏನೋ.

ಶುರುವಿನಲ್ಲಿ ಚೀಲದಲ್ಲಿ ಇದ್ದದ್ದು ಇಷ್ಟು: ಅಡುಗೆಮನೆಯ ಬೀಗದ ಕೈ, 20 ಯೂರೋ ಹಾಲಿನ ದುಡ್ಡಿನ ಪರ್ಸ್, ಒಂದು ಏಪ್ರನ್, ಲ್ಯಾಮಿನೇಟ್ ಮಾಡಿದ ಒಂದು ಚೀಟಿ. ಒಂದು ಸರದಿ ಅಂದರೆ ಎರಡು ಭಾನುವಾರ. ಮೊದಲ ಭಾನುವಾರ ನೀವು ಹೊಸಬರು, ಹಳಬರ ಜೊತೆ ನಿಲ್ಲುತ್ತೀರಿ. ಎರಡನೇ ಭಾನುವಾರ ನೀವೇ ಹಳಬರು, ಇನ್ನೊಬ್ಬ ಹೊಸಬರು ಬರುತ್ತಾರೆ. ಆ ಹೊಸಬರನ್ನು ನೀವೇ ಹುಡುಕಬೇಕು. ಚೀಲವನ್ನು ಅವರ ಕೈಗೆ ಕೊಟ್ಟರೆ ನಿಮ್ಮ ಕೆಲಸ ಮುಗಿಯಿತು. ಯಾರೂ ನಿಮ್ಮನ್ನು ಕಮಿಟಿಗೆ ಹಾಕುವುದಿಲ್ಲ. ಮುಖ್ಯ ವಿಷಯ ಇದೇ. ಜನ ಕೆಲಸಕ್ಕೆ ಹೆದರುವುದಿಲ್ಲ, ಮುಗಿಯದ ಕೆಲಸಕ್ಕೆ ಹೆದರುತ್ತಾರೆ. ಹುಬ್ಬಳ್ಳಿಯ ಒಬ್ಬ ಹುಡುಗ, ಇಲ್ಲಿ ಕಾರ್ ಕಂಪನಿಯಲ್ಲಿ ಸಾಫ್ಟ್‌ವೇರ್ ಕೆಲಸ, ಚೀಲ ಹಿಡಿಯುವ ಮೊದಲು ಕೇಳಿದ: "ಅಕ್ಕಾರ, ಎರಡ ಐತವಾರ ಅಷ್ಟ ಹೌದಲ್ರಿ? ಆಮ್ಯಾಲೆ ಬಿಡ್ತೀರಲ್ರಿ?" ಬಿಟ್ಟೆ. ನಾಲ್ಕು ತಿಂಗಳಿಗೆ ತಾನೇ ಮತ್ತೆ ಬಂದ.

ಇದಕ್ಕೆ ಬೇಕಾದದ್ದು ಸುಮಾರು ಮೂವತ್ತು ಜನ. ರಜೆ ಕಳೆದರೆ ವರ್ಷಕ್ಕೆ 44 ಭಾನುವಾರ ಅಂತ ಇಟ್ಟುಕೊಳ್ಳಿ, ಒಬ್ಬರಿಗೆ ವರ್ಷಕ್ಕೆ ಒಂದು ಸರದಿ, ಕೆಲವರಿಗೆ ಎರಡು. ಮೊದಲ ವರ್ಷ ಇಪ್ಪತ್ತು ಮಂದಿ ಇದ್ದರು, ಈಗ ಮೂವತ್ತೈದು ದಾಟಿದ್ದಾರೆ. ಈ ನಾಡಿನವರೇ ಆದ ಶ್ವಾಬಿಯನ್ನರು, ರುಮೇನಿಯಾದಿಂದ ಬಂದ ಜರ್ಮನ್ ಕುಟುಂಬಗಳು, ಘಾನಾದವರು, ಒಬ್ಬ ಕ್ಯಾಥೊಲಿಕ್ ಅಳಿಯ. ಕಾಫಿ ಹಾಕಲು ಸದಸ್ಯತ್ವ ಕೇಳುವುದಿಲ್ಲ. ಕನ್ನಡದವರು ಮೂರು ಮನೆ ಅಷ್ಟೇ. ಅದರಲ್ಲಿ ಒಂದು ಮನೆಯವರು ಕ್ರೈಸ್ತರಲ್ಲ. ಅವರಿಗೆ ಭಾನುವಾರ ಮಾತಾಡಲು ಜನ ಬೇಕಿತ್ತು.

ಸುಲಭವಾಗಿ ನಡೆಯಿತು ಅಂದುಕೊಳ್ಳಬೇಡಿ. ಮೊದಲ ಬೇಸಿಗೆಯಲ್ಲೇ ಸರಪಳಿ ಕಡಿಯಿತು. ಇಲ್ಲಿ ಶಾಲೆಗೆ ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ ರಜೆ. ಚೀಲ ಹಿಡಿದ ಮನೆಯವರು ಇಟಲಿಗೆ ಹೋದರು. ಚೀಲವೂ ಜೊತೆಗೆ ಹೋಯಿತು! ಆರು ವಾರ ಕಾಫಿ ಇಲ್ಲ. ನಗುವವರಿಗೆ ಹಬ್ಬ. ಈಗ ರಜೆಗೆ ಮೊದಲಿನ ಭಾನುವಾರ ಚೀಲವನ್ನು ಎಲ್ಲರ ಮುಂದೆ ವಾಪಸ್ ತೆಗೆದುಕೊಳ್ಳುತ್ತೇವೆ, ಶಾಲೆ ಶುರುವಾದ ಮೇಲೆ ಮತ್ತೆ ಕೊಡುತ್ತೇವೆ. ಸೆಪ್ಟೆಂಬರಿನ ಮೊದಲ ಚೀಲ ಯಾರಿಗೆ ಕೊಡುತ್ತೇನೆ ಅನ್ನುವುದರಲ್ಲಿ ಒಂದು ಲೆಕ್ಕಾಚಾರ ಇದೆ. ಅದನ್ನು ಪಕ್ಕದ ಊರಿನವರಿಗೂ ಹೇಳಿಲ್ಲ.

ಎರಡನೇ ಪೆಟ್ಟು ಬೀಗದ ಕೈಯದು. ಚರ್ಚ್ ನೋಡಿಕೊಳ್ಳುವವರಿಗೆ ಮೊದಲಿಂದಲೂ ಅದು ಇಷ್ಟ ಇರಲಿಲ್ಲ. ಒಂದೇ ಬೀಗದ ಕೈಗೆ ಅಡುಗೆಮನೆ, ಹಾಲ್, ಪಕ್ಕದ ಬಾಗಿಲು ಮೂರೂ ತೆರೆಯುತ್ತಿತ್ತು. ಒಂದು ಶನಿವಾರ ಅದು ಕಾಣೆ. ಎಲ್ಲ ಬೀಗ ಬದಲಿಸಲು 3,000 ಯೂರೋ ಅಂದಾಜು ಬಂತು. ಆ ರಾತ್ರಿ ನನಗೆ ನಿದ್ದೆ ಇಲ್ಲ. ಭಾನುವಾರ ಮಗುವಿನ ತಳ್ಳುಗಾಡಿಯ ಅಡಿಯಲ್ಲಿ ಸಿಕ್ಕಿತು. ಸೋಮವಾರವೇ 40 ಯೂರೋ ಕೊಟ್ಟು ನಂಬರಿನ ಬೀಗದ ಪೆಟ್ಟಿಗೆ ತಂದು ಗೋಡೆಗೆ ಹೊಡೆಸಿದೆವು. ನೀವು ಶುರು ಮಾಡುವುದಾದರೆ ಪೆಟ್ಟಿಗೆಯಿಂದಲೇ ಶುರು ಮಾಡಿ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ನಲವತ್ತು ಜನ ನಿಂತರೆ ಫೇರ್ ಟ್ರೇಡ್ ಕಾಫಿ, ಹಾಲು, ಬಿಸ್ಕೆಟ್ ಸೇರಿ 15ರಿಂದ 18 ಯೂರೋ. ಡಬ್ಬಿಗೆ ಬೀಳುವುದು 25, ಒಳ್ಳೆಯ ಭಾನುವಾರ 40. ಯಾರಾದರೂ ಮನೆಯಿಂದ ಕೇಕ್ ತಂದರೆ ಇನ್ನೂ ಜಾಸ್ತಿ. ವರ್ಷಕ್ಕೆ 600, 700 ಉಳಿಯುತ್ತದೆ. ಮಂಡಳಿಯ 400 ಅನ್ನು ಎರಡನೇ ವರ್ಷದಿಂದ ಮುಟ್ಟಿಯೇ ಇಲ್ಲ. ಇದನ್ನು ನಾನು ಸ್ವಲ್ಪ ಜೋರಾಗಿಯೇ ಹೇಳಿಕೊಳ್ಳುತ್ತೇನೆ.

ಕಾಫಿ ತನ್ನ ಕಾಲ ಮೇಲೆ ನಿಂತ ಮೇಲೆ ಚೀಲವನ್ನು ಬೇರೆ ಕಡೆಗೂ ತಳ್ಳಿ ನೋಡಿದೆ. ಬೈಬಲ್ ಓದುವುದಕ್ಕೆ ಚೆನ್ನಾಗಿ ಒಗ್ಗಿತು. ಅಲ್ಲಿ ಚೀಲ ಇಲ್ಲ, ಒಂದು ಫೋಲ್ಡರ್ ಅಷ್ಟೇ. ಓದಿದವರೇ ಮುಂದಿನವರಿಗೆ ಕೊಡುತ್ತಾರೆ. ಹದಿನಾರರ ಹುಡುಗಿ ಎಂಬತ್ತರ ಅಜ್ಜನಿಗೆ ಕೊಟ್ಟದ್ದೂ ಉಂಟು. ಹುಟ್ಟುಹಬ್ಬದ ಭೇಟಿಗೆ ಒಗ್ಗಲೇ ಇಲ್ಲ. ವಯಸ್ಸಾದವರಿಗೆ ಪ್ರತಿ ವರ್ಷ ಅದೇ ಮುಖ ಬೇಕು, ಹೊಸಬರು ಬಾಗಿಲು ತಟ್ಟಿದರೆ ಏನೋ ಮಾರಲು ಬಂದವರು ಅಂದುಕೊಳ್ಳುತ್ತಾರೆ. ಕಾಣಿಕೆ ಎಣಿಕೆಯನ್ನು ಖಜಾಂಚಿ ಬಿಟ್ಟುಕೊಡಲಿಲ್ಲ, ಅವರು ಹೇಳಿದ್ದೂ ಸರಿಯೇ. ಮಕ್ಕಳ ಕೆಲಸಕ್ಕಂತೂ ಈ ದಾರಿ ಬೇಡವೇ ಬೇಡ. ಅಲ್ಲಿ ಪೊಲೀಸ್ ದಾಖಲೆಯ ವಿಸ್ತೃತ ಪ್ರಮಾಣಪತ್ರ ತರಿಸಬೇಕು. ಸ್ವಯಂಸೇವಕರಿಗೆ ಅದರ ಶುಲ್ಕ ಇಲ್ಲ, ಆದರೆ ಬರಲು ವಾರಗಳಾಗುತ್ತವೆ. ಮಕ್ಕಳ ಹತ್ತಿರ ಇವತ್ತು ಒಬ್ಬರು ನಾಳೆ ಒಬ್ಬರು ಸರಿಯೂ ಅಲ್ಲ.

ಸ್ಟುಟ್‌ಗಾರ್ಟಿನ ವೆಸ್ಪರ್‌ಕಿರ್ಷೆಗೆ ಮಾತ್ರ ಬೇರೆ ರೀತಿ ಹೋದೆವು. 1995ರಲ್ಲಿ ಲಿಯೊನ್‌ಹಾರ್ಡ್ ಚರ್ಚಿನಲ್ಲಿ ಶುರುವಾದದ್ದು ಅದು. ಚಳಿಗಾಲದಲ್ಲಿ ಏಳು ವಾರದಷ್ಟು ಚರ್ಚ್ ಒಳಗೇ ಮೇಜು ಹಾಕಿ, ಮನೆ ಇಲ್ಲದವರಿಗೂ ಬಡವರಿಗೂ ಬಿಸಿ ಊಟ ಹೆಸರಿಗಷ್ಟೇ ದುಡ್ಡು ತೆಗೆದುಕೊಂಡು ಕೊಡುತ್ತಾರೆ. ಒಬ್ಬರನ್ನೇ ಕಳಿಸಿದರೆ ಹಿಂಜರಿಯುತ್ತಾರೆ. ಕಾಫಿ ಚೀಲದವರಲ್ಲಿ ಏಳೆಂಟು ಮಂದಿಯನ್ನು ಒಂದೇ ದಿನಕ್ಕೆ ರೈಲು ಹತ್ತಿಸಿದೆ. ವಾಪಸ್ ಬರುವಾಗ ಮುಂದಿನ ವರ್ಷದ ದಿನ ಅವರೇ ಗೊತ್ತು ಮಾಡಿಕೊಂಡಿದ್ದರು. ಕಾಫಿಯಲ್ಲಿ ಉಳಿದ ದುಡ್ಡಿನ ಅರ್ಧ ಈಗ ಅಲ್ಲಿಗೇ ಹೋಗುತ್ತದೆ.

ಸಂಬಂಧ ಇಲ್ಲದಿದ್ದರೂ ಸುಗ್ಗಿ ಹಬ್ಬದ ಏಲಂ ವಿಷಯ ಹೇಳದೆ ಬಿಡಲಾರೆ. ನಮ್ಮ ಕಡೆ ಬಾಳೆಗೊನೆ, ತೆಂಗಿನಕಾಯಿ, ಕೋಳಿ ಏಲಂ ಆಗದ ಸುಗ್ಗಿ ಹಬ್ಬ ಉಂಟಾ? ಇಲ್ಲಿ ಅಕ್ಟೋಬರಿನಲ್ಲಿ ವೇದಿಯ ಮುಂದೆ ತರಕಾರಿ ಚಂದಕ್ಕೆ ಜೋಡಿಸುತ್ತಾರೆ, ಮಾರನೆಯ ದಿನ ಬಡವರ ಆಹಾರ ಕೇಂದ್ರಕ್ಕೆ ಕೊಡುತ್ತಾರೆ. ಏಲಂ ಅಂದಾಗ ಎಲ್ಲರ ಹುಬ್ಬು ಮೇಲೆ. ತರಕಾರಿ ಮುಟ್ಟುವುದಿಲ್ಲ, ಜಾಮ್, ಕೇಕ್ ಮತ್ತು ಒಂದೇ ಒಂದು ಕುಂಬಳಕಾಯಿ ಅಂತ ಒಪ್ಪಿಸಿದೆ. ಕೂಗಿದ್ದು ನಾನೇ. ಒಬ್ಬ ರೈತರು ಕುಂಬಳಕ್ಕೆ 35 ಯೂರೋ ಹೇಳಿ ಗೆದ್ದರು. ನಮ್ಮೂರಿನ ಕ್ರಮದಂತೆ ಅದನ್ನು ತಿರುಗಿ ಸಭೆಗೇ ಕೊಡಿ ಅಂದೆ. ಕೊಟ್ಟರು. ಮತ್ತೆ ಕೂಗಿದೆ, 40. ಮತ್ತೆ ಕೊಟ್ಟರು. ಒಂದು ಕುಂಬಳ 120ರ ಹತ್ತಿರ ತಂದಿತು, ಒಟ್ಟು 600ರ ಆಸುಪಾಸು. ಖಜಾಂಚಿಗೆ ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು ಅನ್ನುವುದೇ ಚಿಂತೆ. ಸಭಾ ಹಬ್ಬದಲ್ಲಿ ನೀರುದೋಸೆ ಹಾಕಲು ಹೋದದ್ದು ಮಾತ್ರ ಕೈಕೊಟ್ಟಿತು. ಬಾಸ್ಮತಿ ಅಕ್ಕಿಯಲ್ಲಿ ದೋಸೆ ಏಳಲಿಲ್ಲ, ಮೂರು ಇಂಡಕ್ಷನ್ ಒಟ್ಟಿಗೆ ಹಾಕಿದಾಗ ಫ್ಯೂಸ್ ಹೋಯಿತು, ಆರ್ಗನ್ ಕೂಡ ಮೂಕವಾಯಿತು.

ಏಲಂ ಆದ ಮೇಲೆ ಒಬ್ಬ ಅಜ್ಜಿ ಬಂದು ತಮ್ಮ ಮನೆಯ ಹಳೆಯ ಮಿಶನ್ ಕಾಣಿಕೆ ಡಬ್ಬಿಯ ಕಥೆ ಹೇಳಿದರು. 1850ರ ದಶಕದಲ್ಲಿ ಬಾಸೆಲ್‌ನಲ್ಲಿ ಶುರುವಾದ ಅರ್ಧ ಬಾಟ್ಸೆನ್ ಕಾಣಿಕೆ ಕೇಳಿದ್ದೀರಲ್ಲ? ವಾರಕ್ಕೊಂದು ಸಣ್ಣ ನಾಣ್ಯ, ಗೊತ್ತಿರುವವರೇ ಮನೆಗೆ ಬಂದು ಎತ್ತುತ್ತಿದ್ದರು. ಮಂಗಳೂರಿನ ಮಿಶನ್ ನಡೆದದ್ದರಲ್ಲಿ ಆ ಚಿಲ್ಲರೆಯದೂ ಪಾಲಿದೆ. ಮಂಡಳಿಯಲ್ಲಿ ಯಾರಾದರೂ ಚೀಲವನ್ನು ಹೊಸ ಫ್ಯಾಶನ್ ಅಂದರೆ ನಾನು ಇದನ್ನೇ ಹೇಳುವುದು.

2025ರ ನವೆಂಬರ್ 30ಕ್ಕೆ ಇಲ್ಲಿ ಹಿರಿಯರ ಮಂಡಳಿಗೆ ಸಭಾ ಚುನಾವಣೆ ಆಯಿತು. ಆರು ವರ್ಷಕ್ಕೊಮ್ಮೆ ಬರುತ್ತದೆ, ಹದಿನಾಲ್ಕು ತುಂಬಿದ ಸದಸ್ಯರಿಗೆಲ್ಲ ಮತ ಇದೆ. ಪ್ರಾಂತ್ಯದ ಸಭೆಗಳ ಪ್ರತಿನಿಧಿ ಮಂಡಳಿಯಾದ ಸಿನೊಡಿಗೂ ಸದಸ್ಯರೇ ನೇರವಾಗಿ ಮತ ಹಾಕುತ್ತಾರೆ. ಆರು ವರ್ಷದ ಹುದ್ದೆಗೆ ಹೆಸರು ಹುಡುಕುವುದೇ ಪ್ರತಿ ಸಲದ ದೊಡ್ಡ ತಲೆನೋವು. ಈ ಸಲ ಚೀಲದವರಲ್ಲಿ ಮೂವರು ತಾವಾಗಿ ನಿಂತರು. ಕಮಿಟಿಗೆ ಹಾಕುವುದಿಲ್ಲ ಅಂತ ನಾನು ಮಾತು ಕೊಟ್ಟಿದ್ದೆ, ನಿಲ್ಲಬಾರದು ಅಂತ ಹೇಳಿರಲಿಲ್ಲ.

ಪಕ್ಕದ ಊರಿನವರಿಗೆ ಎರಡು ಚೀಲ ಹೊಲಿಸಿ ಕೊಟ್ಟಿದ್ದೇನೆ, ಒಂದಕ್ಕೆ 12 ಯೂರೋ. ಚೀಟಿಯ ನಕಲನ್ನೂ ಕೊಟ್ಟೆ, ಕೊನೆಯ ಸಾಲು ಬಿಟ್ಟು. ಅದು ನಮ್ಮ ಸಭೆಯದು. ಅವರ ಅಡುಗೆಮನೆಗೆ ಬೇಸಿಗೆಯಲ್ಲಿ ಒಂದು ಸಲ ಹೋಗಿ ನೋಡಬೇಕು. ಬೀಗದ ಪೆಟ್ಟಿಗೆ ಇನ್ನೂ ಹಾಕಿಸಿಲ್ಲವಂತೆ.