ಅಂಗುಲದ ಅರ್ಧ, ಕಾಲು, ಅರೆಕಾಲು: ಸ್ಕೇಲಿಗೆ ಮೊದಲು ಕಾಗದದ ಪಟ್ಟಿ

ಮುಂಬೈಯ ಕನ್ನಡ ಮಾಧ್ಯಮದ ಮಕ್ಕಳಿಗೆ ಸೆಂಟಿಮೀಟರ್ ಸಲೀಸು. ಇಂಚು ಕಾಣುವುದು ಹೆಚ್ಚಾಗಿ ಟೈಲರ್ ಟೇಪಿನಲ್ಲಿ. ಮೊದಲು 16 ಸೆಂ.ಮೀ. ಉದ್ದದ ಕಾಗದದ ಪಟ್ಟಿ ಕೊಟ್ಟು ಅದನ್ನೇ ‘ದೊಡ್ಡ ಇಂಚು’ ಎನ್ನಿ. ಒಮ್ಮೆ ಮಡಚಿದರೆ ಅರ್ಧ, ಮತ್ತೊಮ್ಮೆ ಕಾಲು, ಮೂರನೇ ಸಲ ಅರೆಕಾಲು, ಅಂದರೆ 1/8. ಮಡಿಕೆಗಳ ಮೇಲೆ ಗೆರೆ ಎಳೆಸಿ; ಭಾಗ ಚಿಕ್ಕದಾದಂತೆ ಗೆರೆಯೂ ಗಿಡ್ಡವಾಗಲಿ.

ಸ್ಕೇಲಿನ ಇಂಚಿನ ಬದಿಯನ್ನು ನೀವೇ ಮೊದಲು ಪರೀಕ್ಷಿಸಿ. ಕೆಲವದರಲ್ಲಿ ಒಂದು ಇಂಚಿಗೆ 16 ಭಾಗ, ಕೆಲವದರಲ್ಲಿ 10. ಹತ್ತರದ್ದು ಬೇಡವೇ ಬೇಡ. ಅದರಲ್ಲಿ ಕಾಲು ಇಂಚಿಗೆ ಗೆರೆಯೇ ಇಲ್ಲ!

ಮಕ್ಕಳು ಎಡವುವುದು ಎಣಿಕೆಯಲ್ಲಿ: ಎಂಟು ಭಾಗಕ್ಕೆ ಗೆರೆ ಒಂಬತ್ತು. ಸೊನ್ನೆಯ ಗೆರೆಯನ್ನೂ ಸೇರಿಸಿದರೆ 3/8 ಇದ್ದದ್ದು 4/8 ಆಗುತ್ತದೆ. ಗೆರೆಯಲ್ಲ, ನಡುವಿನ ಜಾಗ ಎಣಿಸಲು ಪೆನ್ಸಿಲ್ ತುದಿಯನ್ನು ಹಾರಿಸುತ್ತಾ ಹೋಗಲಿ. ಸ್ಕೇಲಿನ ಅಂಚೇ ಸೊನ್ನೆಯೆಂದು ಹಿಡಿಯುವುದು ಇನ್ನೊಂದು ತಪ್ಪು.

ಕೊನೆಗೆ ಬಳಪವನ್ನು 1ರಿಂದ ಶುರುಮಾಡಿ ಇಡಿ. ಇನ್ನೊಂದು ತುದಿ 3 3/4ಕ್ಕೆ ಬಂದರೆ, ಉತ್ತರ 2 3/4.