ರೆಮಿಂಗ್ಟನ್ 700: ಎಕ್ಸ್‌ಟ್ರ್ಯಾಕ್ಟರ್ ಬದಲಿಸುವ ಮೊದಲು

ಹೊಡೆದ ತೋಟೆಯ ಖಾಲಿ ಕೇಸ್ (ಹಿತ್ತಾಳೆಯ ಕೋಶ) ಚೇಂಬರಿನಲ್ಲೇ, ಅಂದರೆ ಬ್ಯಾರಲಿನ ಹಿಂತುದಿಯಲ್ಲಿ ತೋಟೆ ಕೂರುವ ಗೂಡಿನಲ್ಲೇ, ಉಳಿದರೆ ಎಲ್ಲರೂ ಮೊದಲು ದೂರುವುದು ಅದನ್ನು ಹಿಡಿದೆಳೆಯುವ ಕೊಕ್ಕೆಯಾದ ಎಕ್ಸ್‌ಟ್ರ್ಯಾಕ್ಟರನ್ನು. 1962ರಲ್ಲಿ ಮಾರುಕಟ್ಟೆಗೆ ಬಂದ ರೆಮಿಂಗ್ಟನ್ 700 ರೈಫಲಿನಲ್ಲಿ ಅದು ಬೋಲ್ಟಿನ, ಅಂದರೆ ಚೇಂಬರನ್ನು ಹಿಂದಿನಿಂದ ಮುಚ್ಚುವ ಉಕ್ಕಿನ ಸರಳಿನ, ಮುಖದ ಒಳಗಾಡಿಯಲ್ಲಿ ಕೂರುವ ತೆಳ್ಳನೆಯ ಉಕ್ಕಿನ ಬಳೆತುಂಡು. ನೋಡಿದರೆ ನಂಬಿಕೆ ಹುಟ್ಟುವುದಿಲ್ಲ ನಿಜ, ಆದರೆ ಬಹಳ ಸಲ ತಪ್ಪು ಅದರದ್ದಲ್ಲ.

ಚೇಂಬರ್, ಮ್ಯಾಗಜಿನ್ ಎರಡೂ ಖಾಲಿ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಂಡು ಬೋಲ್ಟ್ ಹೊರತೆಗೆಯಿರಿ. ಸಿಕ್ಕಿಕೊಂಡಿದ್ದ ಕೇಸಿನ ಬುಡದ ಅಂಚು ನೋಡಿ. ಅಂಚು ಹರಿದಿದ್ದರೆ ಕೊಕ್ಕೆ ತನ್ನ ಕೆಲಸ ಮಾಡಿದೆ. ಕೇಸ್ ಚೇಂಬರಿಗೆ ಕಚ್ಚಿಕೊಂಡಿತ್ತು. ಕಾರಣ ಅತಿಯಾದ ಒತ್ತಡ ಇರಬಹುದು, ಕೊಳೆ ಅಥವಾ ಒರಟಾದ ಚೇಂಬರ್ ಇರಬಹುದು. ಬೋಲ್ಟ್ ಹಿಡಿಯನ್ನು ಎತ್ತುವಾಗ ಅದರ ಬುಡ ರಿಸೀವರಿನ (ಬೋಲ್ಟ್ ಓಡಾಡುವ ಕವಚ) ಇಳಿಜಾರಿಗೆ ತಾಗಿ ಕೇಸನ್ನು ತುಸು ಹಿಂದಕ್ಕೆ ಸಡಿಲಿಸಬೇಕು. ಅಲ್ಲಿ ಅಂತರ ಜಾಸ್ತಿಯಿದ್ದರೂ ಹೀಗೇ ಆಗುತ್ತದೆ. ಇಂಥ ಕೋವಿಗೆ ಬಲವಾದ ಕೊಕ್ಕೆ ಹಾಕಿದರೆ ಅಂಚು ಇನ್ನಷ್ಟು ಹರಿಯುತ್ತದೆ, ಅಷ್ಟೆ. ಕೇಸ್ ಚೇಂಬರಿನಿಂದ ಬಂದರೂ ಹೊರಕ್ಕೆ ಚಿಮ್ಮದಿದ್ದರೆ ಕೇಸನ್ನು ಹೊರಕ್ಕೆ ತಳ್ಳುವ ಎಜೆಕ್ಟರಿನ ಕಡ್ಡಿಯನ್ನು ಒತ್ತಿ ನೋಡಿ. ಹಿತ್ತಾಳೆಯ ಚೂರು ಸೇರಿ ಸ್ಪ್ರಿಂಗ್ ಬಿಗಿದಿರಬಹುದು.

ಅಂಚು ಸರಿಯಾಗಿದ್ದು ಕೇಸ್ ಒಳಗೇ ಉಳಿದರೆ ಮಾತ್ರ ಎಕ್ಸ್‌ಟ್ರ್ಯಾಕ್ಟರನ್ನು ಅನುಮಾನಿಸಿ. ಬಳೆಯ ಹಿಂದಿನ ಗಾಡಿಯನ್ನು ಸಾಲ್ವೆಂಟ್ ಮತ್ತು ಸಣ್ಣ ಬ್ರಷ್‌ನಿಂದ ತಿಕ್ಕಿ. ಖಾಲಿ ಕೇಸನ್ನು ಕೊಕ್ಕೆಗೆ ಸಿಕ್ಕಿಸಿ, ಬೋಲ್ಟ್ ಮುಖಕ್ಕೆ ನೇರವಾಗಿ ಒತ್ತಿಹಿಡಿದು, ನಿಧಾನವಾಗಿ ಮುಂದಕ್ಕೆ ಎಳೆಯಿರಿ. ಸರಾಗವಾಗಿ ಜಾರಿ ಬಂದರೆ ಕೊಕ್ಕೆ ಸವೆದಿದೆ.

ಆಗಲೂ ಮೊದಲ ಆಯ್ಕೆ ಅದೇ ಬಗೆಯ ಹೊಸ ಬಳೆ. ಅಳತೆ ತಪ್ಪಬಾರದು: .223 ತೋಟೆಗೆ 0.378 ಇಂಚು ವ್ಯಾಸದ ಅಂಚು, .308 ಮತ್ತು .30-06ಕ್ಕೆ 0.473, ಬುಡದಲ್ಲಿ ಪಟ್ಟಿಯಿರುವ ಬೆಲ್ಟೆಡ್ ಮ್ಯಾಗ್ನಮ್‌ಗೆ 0.532. ರಿವೆಟ್ ಇಲ್ಲದ ಬಳೆಯನ್ನು ಕಿರಿದಾದ ಸ್ಕ್ರೂಡ್ರೈವರಿನಿಂದ ಒಂದು ತುದಿಯಿಂದ ಒಳಮುಖವಾಗಿ ಮೀಟಿ ತೆಗೆಯಬಹುದು. ಚಿಮ್ಮುತ್ತದೆ, ಕನ್ನಡಕ ಹಾಕಿಕೊಳ್ಳಿ. ರಿವೆಟ್ ಹೊಡೆದದ್ದನ್ನು ಗನ್‌ಸ್ಮಿತ್‌ಗೇ ಕೊಡಿ.

ಸಾಕೋ ಅಥವಾ ಎಂ16 ರೈಫಲುಗಳ ಮಾದರಿಯ ಅಗಲ ಕೊಕ್ಕೆ ಅಂಚನ್ನು ಹೆಚ್ಚು ಹಿಡಿಯುತ್ತದೆ, ಸ್ಥಳದಲ್ಲೇ ಬಿಚ್ಚಿ ಬದಲಿಸಲೂ ಸುಲಭ. ಆದರೆ ಅದಕ್ಕೆ ಬೋಲ್ಟ್‌ನ ಮೂತಿಯನ್ನು ಮಿಲ್ಲಿಂಗ್ ಯಂತ್ರದಲ್ಲಿ ಕೊರೆಯಬೇಕು. ಈ ಕೋವಿಯ ದೊಡ್ಡ ಗುಣವೇ ತೋಟೆಯ ಬುಡವನ್ನು ಬೋಲ್ಟ್ ಮೂತಿ, ಬ್ಯಾರಲ್, ರಿಸೀವರ್ ಎಂಬ ಮೂರು ಉಕ್ಕಿನ ಬಳೆಗಳು ಸುತ್ತುವರಿದಿರುವುದು. ಕೊರೆದರೆ ಒಳಬಳೆ ತುಂಡಾಗುತ್ತದೆ. ಕೇಸಿನ ಬುಡ ಒಡೆದ ದಿನ ಅನಿಲಕ್ಕೆ ಹೊಡೆಯುವವರ ಕಡೆಗೊಂದು ದಾರಿ ಸಿಗುತ್ತದೆ. ಸ್ಪ್ರಿಂಗ್ ಬಲದಿಂದಷ್ಟೇ ನಿಲ್ಲುವ ಸಾಕೋ ಕೊಕ್ಕೆ ಆ ಒತ್ತಡಕ್ಕೆ ಕಿತ್ತು ಬರಬಹುದು. ಎಂ16 ಮಾದರಿಯದನ್ನು ಪಿನ್ ಹಿಡಿದಿರುತ್ತದೆ, ಆದ್ದರಿಂದ ಕೊರೆಯಲೇಬೇಕಾದರೆ ಅದು ಮೇಲು. ಬೋಲ್ಟ್ ಮುಖವನ್ನು .223ರಿಂದ .308ಕ್ಕೆ ಅಗಲಿಸುವಾಗ ಹಳೆಯ ಗಾಡಿಯೇ ಹೋಗುವುದರಿಂದ ಬೇರೆ ದಾರಿಯಿಲ್ಲ. ಬೇಟೆಗೋ ಗುರಿ ಅಭ್ಯಾಸಕ್ಕೋ ಬಳಸುವ ಕೋವಿಗೆ ಈ ಕೊರೆತ ಬೇಡ.

ಯಾವುದನ್ನೇ ಹಾಕಿದರೂ ಮೊದಲು 20 ಡಮ್ಮಿ (ಮದ್ದಿಲ್ಲದ) ತೋಟೆಗಳನ್ನು ಮ್ಯಾಗಜಿನ್ನಿನಿಂದ ಏರಿಸಿ, ಬೋಲ್ಟ್ ಮುಚ್ಚಿ, ಒಮ್ಮೆ ನಿಧಾನವಾಗಿ ಒಮ್ಮೆ ಬಿರುಸಾಗಿ ಎಳೆದು ನೋಡಿ. ಒಂದೇ ಒಂದು ಉಳಿದರೂ ಗುಂಡು ಹಾಕಬೇಡಿ.